ಹಸಿರು ಬಳಿದ ಗಾಡಿಗಳು

ಅದರ ಹಿಂದಿನ ದಿನ ಎಂದಿನಂತೆಯೇ ಇತ್ತು. ಹೇಳುವಂಥದ್ದು ಏನೂ ನಡೆಯಲಿಲ್ಲ. ಆದರೂ ಅದನ್ನೇ ಮೊದಲು ಹೇಳುತ್ತೇನೆ.

ಇವರು ಬೆಳಗ್ಗೆ ಎದ್ದು ಅಂಗಳಕ್ಕೆ ಹೋಗಿ ಸರಪಳಿ ಎಳೆದರು. ನಾನು ಒಲೆ ಹಚ್ಚಿದೆ. ಟೀ ಕೊಟ್ಟರೆ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು.

"ಸಕ್ಕರೆ ಹಾಕಿದ್ದೀಯೋ, ಬರೀ ಡಬ್ಬಿ ತೋರಿಸಿ ಇಟ್ಟಿದ್ದೀಯೋ?"

"ಡಾಕ್ಟರು ಕಡಿಮೆ ಮಾಡಿ ಅಂದಿದ್ದಾರಲ್ರೀ."

"ಹಾಗಿದ್ರೆ ಈ ಟೀ ಡಾಕ್ಟರಿಗೇ ಕೊಟ್ಟು ಬಾ."

ಹಾಗಂದರೂ ಕುಡಿದರು. ಲೋಟದ ತಳ ಕಾಣುವವರೆಗೂ ಬೈಯುವುದು, ತಳ ಕಂಡ ಮೇಲೆ ಇನ್ನೊಂದಿಷ್ಟು ಇದೆಯಾ ಎಂದು ಕೇಳುವುದು. ಅದು ಇವರ ಪದ್ಧತಿ.

ಸರಪಳಿ ಅಂದೆನಲ್ಲ, ಅದೇನೆಂದು ಹೇಳಬೇಕು. ನಮ್ಮದು ತಳ್ಳುಗಾಡಿ ಬಾಡಿಗೆಗೆ ಕೊಡುವ ಕಸುಬು. ಬೆಳಗ್ಗೆ ಜನ ಬಂದು ಗಾಡಿ ತೆಗೆದುಕೊಂಡು ಹೋಗುತ್ತಾರೆ. ಹಣ್ಣೋ, ತರಕಾರಿಯೋ, ಬಟ್ಟೆಯೋ, ಪ್ಲಾಸ್ಟಿಕ್ ಸಾಮಾನೋ ಮಾರಿಕೊಂಡು ಸಂಜೆ ಗಾಡಿ ತಂದು ಬಿಟ್ಟು, ದಿನದ ಬಾಡಿಗೆ ಕೊಟ್ಟು ಹೋಗುತ್ತಾರೆ. ಗಾಡಿಗಳನ್ನು ಗೋಡೆಗೆ ಒತ್ತಿ ಸಾಲಾಗಿ ನಿಲ್ಲಿಸಿ, ಒಂದೇ ಒಂದು ಉದ್ದನೆಯ ಸರಪಳಿಯನ್ನು ಎಲ್ಲ ಗಾಲಿಗಳ ಕಡ್ಡಿಗಳ ನಡುವೆ ತೂರಿಸಿ, ಕೊನೆಗೆ ಬೀಗ ಜಡಿಯುತ್ತೇವೆ. ಬೆಳಗ್ಗೆ ಬೀಗ ತೆಗೆದು ಎಳೆದರೆ ಜರಜರ ಎಂದು ಬೀದಿಗೆಲ್ಲ ಕೇಳುತ್ತದೆ. ಎದುರು ಮನೆಯ ದರ್ಜಿ ಜೀವಮಾನದಲ್ಲಿ ಅಲಾರಂ ಇಟ್ಟವನಲ್ಲ.

ಆ ದಿನ ಮಧ್ಯಾಹ್ನ ಹೊಸಬಳೊಬ್ಬಳು ಬಂದಳು. ಕಡಲೆಕಾಯಿ ಹುರಿದು ಮಾರುತ್ತೇನೆ, ಒಂದು ಗಾಡಿ ಬೇಕು ಅಂದಳು. ಸಣ್ಣ ಆಳು, ಗಾಳಿಗೆ ಹಾರಿಹೋಗುವ ಹಾಗೆ ಇದ್ದಳು. ಇವರು ಎಲ್ಲಿಯವಳು ಎಂದು ಕೇಳಲಿಲ್ಲ, ಮುಂಗಡ ಕೇಳಲಿಲ್ಲ. ಎರಡು ಬಕೆಟ್ ಕೈಗೆ ಕೊಟ್ಟು, "ಮೂಲೆ ನಲ್ಲಿಯಿಂದ ನೀರು ತಂದು ಈ ಡ್ರಮ್ಮಿಗೆ ಹಾಕಮ್ಮ" ಅಂದರು. ಅವಳು ನನ್ನ ಮುಖ ನೋಡಿದಳು. ನಾನೇನು ಮಾಡಲಿ? ಗಾಡಿ ಕೇಳಿಕೊಂಡು ಹೊಸದಾಗಿ ಬಂದವರಿಗೆಲ್ಲ ಇವರು ಮೊದಲು ಮಾಡಿಸುತ್ತಿದ್ದದ್ದೇ ಅದು. ಅವರು ನೀರು ಹೊತ್ತು ಬರುವಾಗ ಇವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಹಿಂದೆ ನಿಂತು ನೋಡುತ್ತಿರುತ್ತಿದ್ದರು, ಯಾವ ದೊರೆಯೋ ಎಂಬಂತೆ.

"ಬಂದವರ ಕೈಲೆಲ್ಲ ನೀರು ಹೊರಿಸ್ತೀರಲ್ಲ, ಸ್ವಲ್ಪನಾದ್ರೂ ನಾಚಿಕೆ ಬೇಡ್ವಾ?" ಅಂದೆ.

"ನಿನಗೆ ಹೊರೋದು ತಪ್ತಲ್ಲ. ಸುಮ್ನಿರು."

ನೀರು ತುಂಬಿದ ಮೇಲೆ ಅವಳಿಗೆ, "ನಾಳೆ ಬಾಮ್ಮ, ಗಾಡಿ ಸಿದ್ಧ ಇರುತ್ತೆ" ಅಂದರು. ಸಂಜೆಯವರೆಗೂ ಗರಗಸ ಹಿಡಿದು ಕೂತರು. ಹಲಗೆ ಕೂತಿತು, ಗಾಲಿ ಕೂತಿತು. ಹಿಡಿಕೆ ಒಂದು ಉಳಿಯಿತು. ಬೆಳಗ್ಗೆ ಹಾಕಿದರಾಯಿತು ಎಂದು ಕೈ ತೊಳೆದುಕೊಂಡರು.

ಮಾರನೇ ದಿನ ಸರಪಳಿಯ ಸದ್ದು ಶುರುವಾಯಿತು. ನಡುವೆ ನಿಂತಿತು. ಎಲ್ಲೋ ಕಡ್ಡಿಗೆ ಸಿಕ್ಕಿಕೊಂಡಿರಬೇಕು ಅಂದುಕೊಂಡು ನಾನು ಟೀ ಸೋಸಿದೆ. ಸದ್ದು ಮತ್ತೆ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದರು. ಸರಪಳಿ ಅರ್ಧ ಹೊರಗೆ, ಅರ್ಧ ಗಾಲಿಗಳ ಒಳಗೆ. ತುದಿ ಕೈಯಲ್ಲೇ ಇತ್ತು.

ಆವತ್ತು ಸಕ್ಕರೆ ಸರಿಯಾಗಿ ಹಾಕಿದ್ದೆ.

ಸತ್ತದ್ದು ಅಷ್ಟೇ. ಇನ್ನು ಬದುಕಿದ್ದನ್ನು ಹೇಳುತ್ತೇನೆ.

ನಾನು ಮದುವೆಯಾಗಿ ಬಂದಾಗ ಇವರ ಹತ್ತಿರ ಒಂದು ಗಾಡಿ ಇತ್ತು. ಅದರ ಮೇಲೆ ಈರುಳ್ಳಿ, ಆಲೂಗಡ್ಡೆ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತಿದ್ದರು. ಹೋದ ದಿನ ಊಟ, ಹೋಗದ ದಿನ ಉಪವಾಸ. ಒಂದು ಸಲ ಜ್ವರ ಬಂದು ಮಲಗಿಬಿಟ್ಟರು. ಪಕ್ಕದ ಮನೆಯವನು ಬಂದು, ಗಾಡಿ ಸುಮ್ಮನೆ ನಿಂತಿದೆಯಲ್ಲ, ಇವತ್ತು ನಾನು ತೆಗೆದುಕೊಂಡು ಹೋಗಲಾ ಎಂದು ಕೇಳಿದ. ಹೋಗಯ್ಯ ಅಂದೆವು. ಸಂಜೆ ಗಾಡಿ ತಂದು ಬಿಟ್ಟು, ಒಂದಿಷ್ಟು ಚಿಲ್ಲರೆ ಕಿಟಕಿಯಲ್ಲಿ ಇಟ್ಟು ಹೋದ. ಇವರು ಹೊದಿಕೆ ಸರಿಸಿ ಎದ್ದು ಕೂತರು.

"ಏ, ಇಲ್ಲಿ ಬಾ. ಇವತ್ತು ನಾನು ಏನು ಮಾಡ್ದೆ?"

"ಮಲಗಿದ್ರಿ. ಇನ್ನೇನು ಮಾಡಿದ್ರಿ?"

"ನಾನು ಮಲಗಿದ್ದೆ. ಗಾಡಿ ಮಲಗಿರಲಿಲ್ಲ ಕಣೇ."

ಜ್ವರದ ಮಾತು ಅಂದುಕೊಂಡೆ. ಹಣೆ ಮುಟ್ಟಿ ನೋಡಿದೆ. ಜ್ವರ ಇಳಿದಿತ್ತು.

ಅಲ್ಲಿಂದ ಶುರುವಾಯಿತು. ಯಾರೋ ಬೀದಿಗೆ ಎಸೆದಿದ್ದ ಮಂಚದ ಹಲಗೆ, ಗುಜರಿಯ ಸೈಕಲ್ ಗಾಲಿ, ಮುರಿದ ಗೇಟಿನ ಪೈಪು. ಎರಡನೇ ಗಾಡಿ ಎದ್ದಿತು. ಅದು ದುಡಿದದ್ದರಲ್ಲಿ ಮೂರನೆಯದು. ಬಂದ ಬಾಡಿಗೆಯಲ್ಲಿ ಅರ್ಧ ಮನೆಗೆ, ಅರ್ಧ ಮುಂದಿನ ಗಾಡಿಗೆ. ಎಷ್ಟು ಕಷ್ಟ ಬಂದರೂ ಒಂದು ಗಾಡಿಯನ್ನೂ ಮಾರಲಿಲ್ಲ. ದರ್ಜಿ ಬಾಗಿಲಲ್ಲಿ ನಿಂತು, "ಏನಣ್ಣ, ಗಾಡಿಗೆ ಮರಿ ಹಾಕಿಸ್ತಿದ್ದೀಯಾ?" ಎಂದು ರೇಗಿಸುತ್ತಿದ್ದ. "ಹೌದಪ್ಪ, ಒಂದು ಮರಿ ನಿನಗೂ ಕೊಡ್ತೀನಿ, ಹಾಲು ಕರೀಬಹುದು" ಎಂದು ಇವರು.

ನಮ್ಮ ಬಂಧುಗಳಲ್ಲಿ ದುಡ್ಡು ಮಾಡಬೇಕು ಎಂಬ ಆಸೆ ಎಲ್ಲರಿಗೂ ಇತ್ತು. ದಾರಿ ಮಾತ್ರ ಒಬ್ಬೊಬ್ಬರದು ಒಂದೊಂದು.

ಭಾವನಿಗೆ, ಅಂದರೆ ಇವರ ಅಣ್ಣನಿಗೆ, ಸೈಟಿನ ಹುಚ್ಚು. ಜಾಗ ಇದ್ದವನೇ ಗಂಡಸು ಅನ್ನುತ್ತಿದ್ದ. ಊರಾಚೆ ಅಗ್ಗಕ್ಕೆ ಸಿಕ್ಕಿತು ಎಂದು ಒಂದು ಸೈಟು ಕೊಂಡ. ಬೇಸಿಗೆಯಲ್ಲಿ ಕೊಂಡಿದ್ದ. ಮಳೆ ಬಂದ ಮೇಲೆ ನೋಡಲು ಹೋದರೆ ಸೈಟಿನ ಕಲ್ಲುಗಳೇ ಕಾಣಿಸಲಿಲ್ಲ, ಮೊಣಕಾಲುದ್ದ ನೀರು. ಇವರು, "ಅಣ್ಣ, ಕಪ್ಪೆಗಳು ಇದಾವಲ್ಲ, ಬಾಡಿಗೆ ಕೇಳು" ಅಂದರು. ಭಾವ ಒಂದು ವರ್ಷ ಮಾತು ಬಿಟ್ಟಿದ್ದ.

ನನ್ನ ತಮ್ಮ ದುಡ್ಡು ಎರಡು ಪಟ್ಟು ಮಾಡಿಕೊಡುವ ಕಂಪನಿಗೆ ಕಟ್ಟಿದ. ಬೇಡ ಕಣೋ ಅಂದರೆ, "ಅಕ್ಕ, ಅವರ ಆಫೀಸಿನ ಸೋಫಾ ನೋಡಿದ್ರೆ ನೀನು ಹಾಗೆ ಮಾತಾಡಲ್ಲ. ಕೂತ್ರೆ ಏಳೋಕಾಗಲ್ಲ, ಅಷ್ಟು ಮೆತ್ತಗಿದೆ" ಅಂದ. ಒಂದು ದಿನ ಹೋಗಿ ನೋಡಿದರೆ ಆಫೀಸು ಇಲ್ಲ. ಸೋಫಾನೂ ಇಲ್ಲ.

ವಾರಗಿತ್ತಿ, ಭಾವನ ಹೆಂಡತಿ, ಯಾರಿಗೂ ಹೇಳದೆ ಹಿಟ್ಟಿನ ಡಬ್ಬಿಯ ತಳದಲ್ಲಿ ನೋಟು ಮುಚ್ಚಿಡುತ್ತಿದ್ದಳು. ಅವಳ ಮನೆಯ ನೋಟು ಕೈಗೆ ಬಂದರೆ ಮೊದಲು ಸೀನು ಬರುತ್ತಿತ್ತು.

ನಾನು ಕೋಳಿ ಸಾಕಿದೆ. ಬೀದಿ ನಾಯಿ ಸಾಕಿದಂತಾಯಿತು.

ಇವರು ಮಾತ್ರ ಗಾಡಿ ಬಿಟ್ಟು ಬೇರೆಯದರ ಕಡೆ ತಲೆ ಎತ್ತಿ ನೋಡಲಿಲ್ಲ. ಗಾಡಿಗಳಿಂದಲೇ ಮಗಳನ್ನು ಓದಿಸಿದರು, ಮದುವೆ ಮಾಡಿದರು. ಆದರೂ ಬಂಧುಗಳ ಕಣ್ಣಿಗೆ ಅದು ಆಸ್ತಿಯಾಗಿ ಕಾಣಲಿಲ್ಲ. ಹಗಲೆಲ್ಲ ಊರು ಸುತ್ತುವುದನ್ನು ಯಾರು ಆಸ್ತಿ ಅಂತಾರೆ?

ಮಣ್ಣು ಮಾಡಿ ಬಂದಾಗ ಸರಪಳಿ ಹಾಗೇ ಬಿದ್ದಿತ್ತು. ಬಾಳೆಹಣ್ಣು ಮಾರುವ ಬಾಳೆಹಣ್ಣಿನಕ್ಕ, ನಮ್ಮ ಹತ್ತಿರ ಎಲ್ಲರಿಗಿಂತ ಹಳಬಳು, "ಎಳೆದುಬಿಡ್ಲಾ?" ಎಂದು ಕೇಳಿದಳು. ಬೇಡ ಅಂದೆ. ಮಾರನೇ ಬೆಳಗ್ಗೆ ಉಳಿದ ಅರ್ಧ ನಾನೇ ಎಳೆದೆ. ಅವರವರ ಗಾಡಿ ಅವರವರು ತೆಗೆದುಕೊಂಡು ಹೋದರು. ಯಾರದು ಯಾವುದು ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಬಿದ್ದಿರಲಿಲ್ಲ. ಒಬ್ಬರು ಹಿಡಿಕೆಗೆ ಕೆಂಪು ಚಿಂದಿ ಕಟ್ಟಿದ್ದರು, ಇನ್ನೊಬ್ಬರು ತಕ್ಕಡಿ ತೂಗುಹಾಕಲು ಮೊಳೆ ಹೊಡೆದಿದ್ದರು, ಒಬ್ಬನ ಹಲಗೆಯ ತುಂಬ ಹಣ್ಣಿನ ಕಲೆ. ಅವರಿಗೆ ಅದೇ ಗುರುತು.

ಕಡಲೆಕಾಯಿಯವಳ ಗಾಡಿ ಮಾತ್ರ ಹಿಡಿಕೆಯಿಲ್ಲದೆ ಮೂಲೆಯಲ್ಲಿ ನಿಂತಿತ್ತು. ಅವಳು ದಿನಾ ಬಂದು ಗೇಟಿನ ಹತ್ತಿರ ನಿಂತು ನೋಡಿ ಹೋಗುತ್ತಿದ್ದಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ.

ಭಾವ ಬಂದು ಕುರ್ಚಿ ಎಳೆದುಕೊಂಡು ಕೂತ.

"ನೋಡಮ್ಮ, ಅವನು ಬಿಟ್ಟು ಹೋಗಿದ್ದಾದ್ರೂ ಏನು? ಒಂದು ಚೂರು ಜಾಗ ಇಲ್ಲ, ಒಂದು ತುಂಡು ಬಂಗಾರ ಇಲ್ಲ. ಹಲಗೆ, ಗಾಲಿ. ನಾಳೆ ಒಂದು ನಟ್ಟು ಸಡಿಲ ಆದ್ರೆ ನೀನು ತಿರುಗಿಸ್ತೀಯಾ?"

ಒಂದು ನಟ್ಟನ್ನೂ ನಾನು ತಿರುಗಿಸಿದವಳಲ್ಲ.

"ಎಲ್ಲಾ ಒಟ್ಟಿಗೆ ಮಾರಿಬಿಡೋಣ. ಬಂದದ್ದನ್ನ ನನ್ನ ಸೈಟಿನ ಪಕ್ಕದ ಸೈಟಿಗೆ ಹಾಕೋಣ. ನಿನಗೂ ಪಾಲಿರುತ್ತೆ. ಮಗಳ ಮನೇಲಿ ಹಾಯಾಗಿರು."

ಮಗಳೂ ಬಾ ಅಮ್ಮ ಅಂದಳು. ಒಳ್ಳೆಯವಳು. ಆದರೆ ಅವಳದು ಒಂದೇ ಕೋಣೆಯ ಮನೆ. ಅಲ್ಲಿ ನನ್ನ ಹಾಸಿಗೆಯನ್ನು ಬೆಳಗ್ಗೆ ಎದ್ದ ಕೂಡಲೇ ಸುತ್ತಿ ಅಳಿಯನ ಮಂಚದ ಕೆಳಗೆ ತಳ್ಳಬೇಕು. ಅಳಿಯ ಏಳುವವರೆಗೂ ಬಚ್ಚಲಲ್ಲಿ ನಿಂತಿರಬೇಕು. ಅಂಗಳದಲ್ಲಿ ನನ್ನ ಕಾಲ ಮೇಲೆ ನಾನು ಉಳಿಯುವುದೋ, ಮಂಚದ ಕೆಳಗಿನ ಹಾಸಿಗೆಯೋ. ನನ್ನ ಮುಂದಿದ್ದದ್ದು ಅಷ್ಟೇ. ದಾರಿ ಕಾಣದೆ ಭಾವನಿಗೆ ಹೂಂ ಅಂದೆ.

ಕೊಳ್ಳುವವನನ್ನೂ ಅವನೇ ಹುಡುಕಿದ. ಮಾರ್ಕೆಟ್ಟಿನ ಸಾಹುಕಾರ. ಅವನೂ ಗಾಡಿ ಬಾಡಿಗೆ ಕೊಡುವವನೇ. ಅವನವು ಕಾರ್ಖಾನೆಯಲ್ಲಿ ಮಾಡಿಸಿದ ಹೊಸ ಗಾಡಿಗಳು, ಎಲ್ಲವೂ ಒಂದೇ ಅಳತೆ, ನಿಂತರೆ ಗೆರೆ ಎಳೆದ ಹಾಗೆ. ನಮ್ಮವನ್ನು ನೋಡಿದರೆ ಮೂಗು ಮುರಿದಾನು ಎಂದು ಭಾವನಿಗೆ ಚಿಂತೆ.

"ಹಳೇ ಗಾಡಿ ಅಂತ ಕಾಣಬಾರದು. ಬಣ್ಣ ಹೊಡೆಸಿದ್ರೆ ರೇಟು ತಾನಾಗೇ ಏರುತ್ತೆ" ಅಂದ.

ಮಾರ್ಕೆಟ್ಟಿಗೆ ರಜೆಯ ದಿನ ಬಣ್ಣ ಬಂತು. ಯಾವುದೋ ಕಾಂಪೌಂಡಿಗೆ ತಂದು ಉಳಿದದ್ದಂತೆ, ಅಗ್ಗಕ್ಕೆ ಸಿಕ್ಕಿತಂತೆ. ಭಾವನಿಗೆ ಎಲ್ಲವೂ ಅಗ್ಗಕ್ಕೇ ಸಿಗುತ್ತದೆ. ಗಿಳಿ ಹಸಿರು. ಇಬ್ಬರು ಪೇಂಟರುಗಳನ್ನು ಕೂರಿಸಿಕೊಂಡು ಬೆಳಗ್ಗಿನಿಂದ ಸಂಜೆಯವರೆಗೂ ಬಳಿಸಿದ. ಚಿಂದಿ ಬಿಚ್ಚಿ ಬೆಂಕಿಗೆ ಹಾಕಿಸಿದ, ಮೊಳೆ ಕೀಳಿಸಿದ, ಕಲೆ ಉಜ್ಜಿಸಿದ. ಹಲಗೆ, ಪೈಪು, ಹಿಡಿಕೆಗೆ ಸುತ್ತಿದ ಟ್ಯೂಬಿನ ರಬ್ಬರು, ಒಂದನ್ನೂ ಬಿಡಲಿಲ್ಲ. ಕಡಲೆಕಾಯಿಯವಳ ಹಿಡಿಕೆಯಿಲ್ಲದ ಗಾಡಿಗೂ ಎರಡು ಕೋಟು. ಸಂಜೆ ದೂರ ನಿಂತು ನೋಡಿ, "ಈಗ ಕಂಪನಿ ಮಾಲು ಅನ್ನಿಸ್ತದೆ" ಅಂದ.

ಮಾರನೇ ಬೆಳಗ್ಗೆ ಜನ ಬಂದರು. ಗೇಟು ದಾಟಿದವರು ದಾಟಿದಲ್ಲೇ ನಿಂತರು.

"ಅಯ್ಯಯ್ಯೋ, ನನ್ನ ಗಾಡಿಗೆ ಯಾರೇ ಗಿಳಿ ಬಣ್ಣ ಹೊಡ್ದಿದ್ದು?" ಎಂದು ಬಾಳೆಹಣ್ಣಿನಕ್ಕ ಕೂಗಿದಳು.

"ಮೊದಲು ನಿನ್ನ ಗಾಡಿ ಯಾವುದು ಅಂತ ಹೇಳು, ಆಮೇಲೆ ಅಳುವಿಯಂತೆ" ಅಂದ ಉದ್ದಣ್ಣ. ಅವನು ರೆಡಿಮೇಡ್ ಬಟ್ಟೆ ಮಾರುವವನು. ನಮ್ಮ ಬಾಗಿಲಿಗೆ ಬಗ್ಗದೆ ಬಂದರೆ ಹಣೆ ಹೊಡೆದುಕೊಳ್ಳುವಷ್ಟು ಉದ್ದ.

ಅವಳು ಸಾಲಿನ ಈ ತುದಿಯಿಂದ ಆ ತುದಿಗೆ ಹೋದಳು. ಆ ತುದಿಯಿಂದ ಈ ತುದಿಗೆ ಬಂದಳು. ಒಂದನ್ನು ಎಳೆದು ತಳ್ಳಿದಳು. ಹಿಡಿಕೆ ಅವಳ ಎದೆಗೆ ಬಂತು.

"ಇದೇನಿದು, ಗಾಡಿ ತಳ್ಳೋದೋ, ಕಿಟಕಿ ಸರಳು ಹಿಡ್ಕೊಂಡು ನಿಲ್ಲೋದೋ!"

ಅಷ್ಟರಲ್ಲಿ ಉದ್ದಣ್ಣ ಇನ್ನೊಂದನ್ನು ಹಿಡಿದಿದ್ದ. ಎರಡು ಮಡಿಕೆಯಾಗಿ ಬಗ್ಗಿ ತಳ್ಳುತ್ತಿದ್ದ.

"ಏನೋ, ಬಿದ್ದ ಚಿಲ್ಲರೆ ಹುಡುಕ್ತಿದ್ದೀಯಾ? ಬಿಡು, ಅದು ನನ್ನದಿರಬೇಕು!" ಎಂದಳು ಬಾಳೆಹಣ್ಣಿನಕ್ಕ.

ಸಾಹುಕಾರನೂ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಭಾವನಿಗೆ ಅವಮಾನವಾಯಿತು. "ಯಾವುದಾದ್ರೂ ಒಂದು ತಗೊಂಡು ಹೋಗ್ರಪ್ಪ, ಬೆಳಬೆಳಗ್ಗೆ ಏನು ಗಲಾಟೆ! ಗಾಡಿಗೆ ಗಾಡಿ" ಅಂದ.

ಬಾಳೆಹಣ್ಣಿನಕ್ಕ ತಿರುಗಿ ನಿಂತಳು. ಭಾವನ ಕಾಲು ನೋಡಿದಳು.

"ಹಾಗಿದ್ರೆ ನಿಮ್ಮ ಚಪ್ಪಲಿ ಬಿಚ್ಚಿ ನನಗೆ ಕೊಡಿ ಸ್ವಾಮಿ. ನನ್ನದು ನೀವು ಹಾಕ್ಕೊಂಡು ಹೋಗಿ. ಚಪ್ಪಲಿಗೆ ಚಪ್ಪಲಿ."

ಅಂಗಳವೆಲ್ಲ ನಕ್ಕಿತು. ಇವರು ಹೋದ ಮೇಲೆ ಆ ಅಂಗಳದಲ್ಲಿ ಯಾರೂ ನಕ್ಕಿರಲಿಲ್ಲ. ನನಗೂ ನಗು ಬಂತು. ಸೆರಗು ಬಾಯಿಗೆ ಇಟ್ಟುಕೊಂಡೆ.

ಆಮೇಲೆ ಉದ್ದಣ್ಣನೇ ಒಂದು ಉಪಾಯ ಹೇಳಿದ. "ಕಣ್ಣಿಂದ ಆಗಲ್ಲ. ಕಣ್ಣು ಮುಚ್ಕೊಂಡು ತಳ್ಳಿ."

ತಳ್ಳಿದರು. ಒಬ್ಬೊಬ್ಬರೂ ಒಂದೊಂದು ಗಾಡಿ ಹಿಡಿದು ಅಂಗಳ ಒಂದು ಸುತ್ತು ಬರುವುದು, ತಲೆ ಆಡಿಸುವುದು, ಬಿಡುವುದು. ಇದಲ್ಲ. ಇದೂ ಅಲ್ಲ. ಇದು ಯಾರದೋ ಎಡಗೈಯವರದು, ಬಲಗಡೆ ಹಿಡಿಕೆಯೇ ಸಿಕ್ತಿಲ್ಲ. ಹೌದಾ, ಹಾಗಿದ್ರೆ ಇಲ್ಲಿ ತಾ, ಅದು ನನ್ನದು, ಎಂದು ಪ್ಲಾಸ್ಟಿಕ್ ಸಾಮಾನಿನವನು ಓಡಿ ಬಂದ. ಇನ್ನೂ ಪೂರ್ತಿ ಒಣಗದ ಬಣ್ಣ. ಎಲ್ಲರ ಅಂಗೈ ಹಸಿರು. ಬಾಳೆಹಣ್ಣಿನಕ್ಕ ತನ್ನದಕ್ಕೆ ಕೈ ಇಟ್ಟ ಕೂಡಲೇ ನಿಂತಳು. ಸುತ್ತು ಕೂಡ ಹಾಕಲಿಲ್ಲ.

"ಬಂತು ನೋಡು" ಅಂದಳು. ದನಿ ಸಣ್ಣದಾಗಿತ್ತು. "ಕೈ ತಾನಾಗೇ ಹೋಗಿ ಕೂತ್ಕೊಳ್ತು."

ನಾನು ಉದ್ದಣ್ಣನನ್ನು ಕೇಳಿದೆ. "ಎಲ್ಲಾ ಗಾಡಿಯೂ ಒಂದೇ ಅಲ್ವೇನಪ್ಪ?"

"ಒಂದೇನಾ? ಅಕ್ಕ, ನಾನು ಮೊದಲು ಬಂದಾಗ ಅಣ್ಣ ನನ್ನ ಕೈಲಿ ನೀರು ಹೊರಿಸಿದ್ದ, ನೆನಪಿದೆಯಾ? ನಾನು ಮನಸಲ್ಲೇ ಬೈಕೊಂಡೆ. ಮಾರನೇ ದಿನ ಗಾಡಿ ಕೊಟ್ಟಾಗ ಹಿಡಿಕೆ ನನ್ನ ಕೈಗೆ ಸರಿಯಾಗಿ ಇತ್ತು. ನಾನು ಅಳತೆ ಕೊಟ್ಟಿರಲಿಲ್ಲ. ಭಾರ ಹೊತ್ತಾಗ ಭುಜ ಎಷ್ಟು ಇಳಿಯುತ್ತೆ, ಕೈ ಎಲ್ಲಿ ನಿಲ್ಲುತ್ತೆ, ಹಿಂದೆ ನಿಂತು ಅದನ್ನೇ ನೋಡ್ತಿದ್ದ. ಸುಮ್ನೆ ನಿಂತವನ ಅಳತೆ ಬೇರೆ, ಹೊತ್ತವನ ಅಳತೆ ಬೇರೆ ಅಂದಿದ್ದ."

ಇವರು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನೀರು ಹೊರಿಸುತ್ತೀರಲ್ಲ ಎಂದು ಬೈದದ್ದೇ ಬೈದದ್ದು. ನಾಚಿಕೆ ಬೇಡವಾ ಅಂದಾಗಲೂ, ನಿನಗೆ ಹೊರೋದು ತಪ್ತಲ್ಲ ಅಂದಿದ್ದರು, ಅಷ್ಟೇ. ಡ್ರಮ್ಮಿನ ನೀರಿನಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದೆ.

ಸಾಹುಕಾರ ಎಲ್ಲವನ್ನೂ ನೋಡುತ್ತ ನಿಂತಿದ್ದ. ಒಂದು ಗಾಡಿಯನ್ನು ತಾನೂ ತಳ್ಳಿ ನೋಡಿದ. ಅಂಗಿಗೆ ಹಸಿರಾಯಿತು. ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಭಾವನನ್ನು ಪಕ್ಕಕ್ಕೆ ಕರೆದ. ಪಕ್ಕ ಅಂದರೆ ನಮ್ಮ ಅಂಗಳದಲ್ಲಿ ಎಷ್ಟು ಪಕ್ಕ? ಎಲ್ಲ ಕೇಳಿಸಿತು.

"ಮೊದಲು ಹೇಳಿದ್ದಕ್ಕಿಂತ ಜಾಸ್ತಿನೇ ಕೊಡ್ತೀನಿ. ಒಂದೇ ಮಾತು. ಜನ ಸಮೇತ ಕೊಡ್ಬೇಕು. ಇವರೆಲ್ಲ ಇನ್ಮೇಲೆ ನನ್ನ ಹತ್ರಾನೇ ಗಾಡಿ ತಗೋಬೇಕು ಅಂತ ಆಕೆ ಕೈಲಿ ಹೇಳಿಸಿ."

"ಜನ ಯಾಕೆ ಸ್ವಾಮಿ? ಗಾಡಿ ಹೋದ್ರೆ ಜನ ಬಂದೇ ಬರ್ತಾರೆ."

"ನನ್ನವು ಹೊಸ ಗಾಡಿ. ಆದ್ರೂ ಬೆನ್ನು ನೋವು ಅಂತಾರೆ, ಕೈ ಜೋಮು ಅಂತಾರೆ, ಬಿಟ್ಟು ಹೋಗ್ತಾನೇ ಇರ್ತಾರೆ. ಇಲ್ಲಿಯವರು ಒಬ್ಬರೂ ಬಿಡಲ್ಲ. ಯಾಕೆ ಅಂತ ಇಷ್ಟು ದಿನ ತಲೆ ಕೆಡಿಸ್ಕೊಂಡಿದ್ದೆ."

ಅವನ ಬಾಯಿಂದ ಅದು ಬಂದಾಗ ನನಗೆ ಗೊತ್ತಾಯಿತು. ಹಲಗೆ, ಗಾಲಿ ಎಂದು ಭಾವ ಅಂದಿದ್ದ. ಹಲಗೆ, ಗಾಲಿಗಾಗಿ ಸಾಹುಕಾರ ಬೆಲೆ ಏರಿಸುವವನಲ್ಲ. ಅವನ ಹತ್ತಿರ ಹೊಸ ಹಲಗೆ, ಹೊಸ ಗಾಲಿ ಬೇಕಾದಷ್ಟಿದ್ದವು. ಅವನಿಗೆ ಬೇಕಾದದ್ದು ನನ್ನ ಅಂಗಳದಲ್ಲಿ ಹಸಿರು ಕೈ ಮಾಡಿಕೊಂಡು ನಿಂತಿತ್ತು.

"ಕೊಡಲ್ಲ" ಅಂದೆ.

"ಏನಮ್ಮ?" ಎಂದು ಭಾವ ತಿರುಗಿದ.

"ಕೊಡಲ್ಲ ಅಂದೆ ಭಾವ. ಗಾಡಿನೂ ಕೊಡಲ್ಲ, ಜನಾನೂ ಕೊಡಲ್ಲ."

"ನಿನಗೆ ತಲೆ ಸರಿ ಇದೆಯಾ? ಒಂದು ನಟ್ಟು ತಿರುಗಿಸೋಕೆ ಬರಲ್ಲ ನಿನಗೆ!"

"ತಿರುಗೋವರೆಗೂ ತಿರುಗಿಸ್ತೀನಿ."

"ಇಷ್ಟು ಬಣ್ಣ ಹೊಡೆಸಿದ್ದು ದಂಡವಾ?"

"ಬಣ್ಣ ಚೆನ್ನಾಗಿದೆ. ಅದಿರಲಿ."

ಸಾಹುಕಾರ ನಕ್ಕುಬಿಟ್ಟ. ಕೆಟ್ಟವನಲ್ಲ. "ಮನಸು ಬದಲಾದ್ರೆ ಹೇಳಿ ಕಳಿಸಿ" ಎಂದು ಹೋದ. ಭಾವ ಕುರ್ಚಿ ಒದ್ದು ಹೋದ. ಕುರ್ಚಿ ನಮ್ಮದು, ಕಾಲು ಮುರಿಯಲಿಲ್ಲ.

ಎಲ್ಲರೂ ತಮ್ಮ ತಮ್ಮ ಗಾಡಿ ಹಿಡಿದು ಹೊರಟ ಮೇಲೆ ಒಂದು ಗಾಡಿ ಉಳಿಯಿತು, ಹಿಡಿಕೆ ಇಲ್ಲದ್ದು. ಗೇಟಿನ ಹತ್ತಿರ ಕಡಲೆಕಾಯಿಯವಳು ನಿಂತಿದ್ದಳು. ಕರೆದು ಎರಡು ಬಕೆಟ್ ಕೊಟ್ಟೆ.

"ಅವತ್ತೇ ತಂದಿದ್ದೆನಲ್ಲಕ್ಕ" ಅಂದಳು.

"ಇನ್ನೊಂದ್ಸಲ ತಾ."

ಇವರು ನಿಲ್ಲುತ್ತಿದ್ದ ಜಾಗದಲ್ಲಿ ನಿಂತೆ. ಸೊಂಟದ ಮೇಲೆ ಕೈ ಇಟ್ಟುಕೊಂಡೆ. ಅವಳು ತುಂಬಿದ ಬಕೆಟ್ ಹಿಡಿದು ಬಂದಳು. ಭುಜ ಇಳಿಯಿತು. ಮೊಣಕೈ ಸ್ವಲ್ಪ ಹಿಂದಕ್ಕೆ ಹೋಯಿತು. ಮಣಿಕಟ್ಟು ಒಂದು ಕಡೆ ನಿಂತಿತು. ಅಷ್ಟು ವರ್ಷ ಆ ಬಾಗಿಲಲ್ಲೇ ಕೂತು ನೋಡಿದ್ದೆ, ಕಂಡಿರಲಿಲ್ಲ. ಅವಳನ್ನು ನಿಲ್ಲಿಸಿ, ಗಾಡಿಯ ಹಿಡಿಕೆ ಕೂರುವ ಕಂಬವನ್ನು ಅವಳ ಪಕ್ಕಕ್ಕೆ ತಂದು, ಇದ್ದಿಲಿನಿಂದ ಗುರುತು ಹಾಕಿದೆ.

ತೂತು ಕೊರೆಯಲು ಬಣ್ಣ ಕೆರೆದರೆ, ಇವರು ಮೊದಲೇ ಕೊರೆದಿದ್ದ ತೂತು ಸಿಕ್ಕಿತು, ಬಣ್ಣ ತುಂಬಿ ಮುಚ್ಚಿಹೋಗಿತ್ತು. ನನ್ನ ಗುರುತಿಗಿಂತ ಒಂದು ಬೆರಳು ಕೆಳಗೆ. ನಾನು ಒಂದು ಬೆರಳು ತಪ್ಪಿದ್ದೆ.

ಒಂದೇ ಬೆರಳು.

ಅಲ್ಲೇ ಕೂತು ಅತ್ತೆ. ಕಡಲೆಕಾಯಿಯವಳು ಬಕೆಟ್ ಕೆಳಗಿಡಬೇಕೋ ಬೇಡವೋ ತಿಳಿಯದೆ ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಎದ್ದು ಇವರ ತೂತಿಗೇ ಹಿಡಿಕೆ ಕೂರಿಸಿ ನಟ್ಟು ತಿರುಗಿಸಿದೆ. ಮೊದಲು ಉಲ್ಟಾ ತಿರುಗಿಸಿದೆ. ಆಮೇಲೆ ಸರಿ ತಿರುಗಿಸಿದೆ.

ಕೆಲಸ ಕಲಿಯುವುದು ಸುಲಭ ಆಯಿತು ಅಂದರೆ ಸುಳ್ಳು. ಬೇರಿಂಗ್ ತಪ್ಪು ಹಾಕಿ, ಪ್ಲಾಸ್ಟಿಕ್ ಸಾಮಾನಿನವನ ಗಾಡಿ ಬೀದಿಯುದ್ದಕ್ಕೂ ಕಿರುಚಿಕೊಂಡು ಹೋಯಿತು. ದರ್ಜಿ ಕಿಟಕಿ ಮುಚ್ಚಿದ. ಉದ್ದಣ್ಣನ ಗಾಡಿಯ ಗಾಲಿ ನಡುಬೀದಿಯಲ್ಲಿ ಕಳಚಿ ಅಂಗಿಗಳೆಲ್ಲ ನೆಲಕ್ಕೆ ಹಾಸಿಕೊಂಡವು. "ಅಕ್ಕ, ಇವತ್ತು ದೊಡ್ಡ ಅಂಗಡಿನೇ ಹಾಕಿಸಿಕೊಟ್ರಿ" ಎಂದು ಗಾಲಿ ಹೊತ್ತುಕೊಂಡು ಬಂದ. ಅವತ್ತು ಅವನಿಂದ ನಾನು ಬಾಡಿಗೆ ತೆಗೆದುಕೊಳ್ಳಲಿಲ್ಲ. ಗಾಲಿ ಬಿಚ್ಚಿದೆ, ಹಾಕಿದೆ, ಬಿಚ್ಚಿದೆ, ಹಾಕಿದೆ. ಉಗುರಿನ ಸಂದಿಯ ಗ್ರೀಸು ಊಟಕ್ಕೂ ಬರುತ್ತಿತ್ತು. ಕ್ರಮೇಣ ಕೈಗೆ ಬಂತು. ಈಗ ಗಾಡಿ ಗೇಟಿಗೆ ಬರುವ ಮೊದಲೇ ಯಾವ ಗಾಲಿಗೆ ಎಣ್ಣೆ ಬೇಕು ಎಂದು ಒಳಗೆ ಕೂತೇ ಹೇಳುತ್ತೇನೆ.

ಆ ಗಿಳಿ ಹಸಿರು ಊರಿಗೆಲ್ಲ ಕಂಡಿತು. ಹಸಿರು ಗಾಡಿ ಎಲ್ಲಿ ಸಿಗುತ್ತೆ ಎಂದು ಕೇಳಿಕೊಂಡು ಜನ ಬರತೊಡಗಿದರು. ಸಾಹುಕಾರನ ಗಾಡಿ ತಳ್ಳಿ ಬೆನ್ನು ಹಿಡಿದವರೂ ಬಂದರು. ಎಲ್ಲರ ಕೈಗೂ ಬಕೆಟ್ ಕೊಟ್ಟೆ. ಡ್ರಮ್ಮು ತುಂಬಿ ಚೆಲ್ಲಿ, ದರ್ಜಿಯ ಹೆಂಡತಿ ಕೊಡ ತಂದು ಹಿಡಿಯುವ ಹಾಗಾಯಿತು. ಇವರಂತೆಯೇ ಅರ್ಧ ಮನೆಗೆ, ಅರ್ಧ ಮುಂದಿನ ಗಾಡಿಗೆ. ಸಾಲು ಒಂದು ಗೋಡೆ ಮುಗಿಸಿ ಎರಡನೇ ಗೋಡೆಗೆ ತಿರುಗಿತು. ಸರಪಳಿ ಸಾಲದೆ ಇನ್ನೊಂದು ತುಂಡು ತಂದು ಜೋಡಿಸಿದೆ.

ಒಂದು ದಿನ ಮಧ್ಯಾಹ್ನ ವಾರಗಿತ್ತಿ ಬಂದಳು. ಸೆರಗಿನ ಕೆಳಗೆ ಏನೋ ಉಬ್ಬಿತ್ತು. ತೆಗೆದು ಮುಂದಿಟ್ಟಳು. ಹಿಟ್ಟಿನ ಡಬ್ಬಿ.

"ಸೋಪು, ಬಾಚಣಿಗೆ, ಕನ್ನಡಿ ಮಾರೋಣ ಅಂತಿದ್ದೀನಿ. ಸಾಮಾನಿಗೆ ಇದರಲ್ಲಿ ಆಗುತ್ತೆ. ಒಂದು ಗಾಡಿ ಕೊಡೇ. ನಿಮ್ಮ ಭಾವನಿಗೆ ಹೇಳಬೇಡ."

"ನಾಳೆ ಬೀದೀಲಿ ಗಾಡಿ ತಳ್ಕೊಂಡು ಹೋದ್ರೆ ಕಾಣಲ್ವಾ ಅಕ್ಕ?"

"ಕಂಡಾಗ ಕಾಣ್ಲಿ. ಹೇಳೋದು ಬೇಡ."

ಬಕೆಟ್ ಕೊಟ್ಟೆ. "ಅಯ್ಯೋ, ನನಗೂನಾ?" ಅಂದಳು. "ನಿಮಗೂನೇ" ಅಂದೆ. ನನಗಿಂತ ಹಿರಿಯಳು ಎಂದು ಅರ್ಧ ಬಕೆಟ್ ಮಾಡಲಿಲ್ಲ. ಈಗ ಅವಳ ಗಾಡಿಯ ಸುತ್ತ ಶಾಲೆ ಬಿಡುವ ಹೊತ್ತಿಗೆ ನಿಲ್ಲಲು ಜಾಗವಿರುವುದಿಲ್ಲ. ನೋಟು ಕೊಟ್ಟರೆ ಸೀನು ಬರುವುದಿಲ್ಲ.

ಮನೆಯ ಮಾಲೀಕ ಅಂಗಳ ಸಮೇತ ಮನೆ ಮಾರುತ್ತೇನೆ ಅಂದಾಗ ನಾನು ಕೊಂಡೆ. ಎಷ್ಟಕ್ಕೆ ಎಂದು ಬರೆಯುವುದಿಲ್ಲ, ಬಂಧುಗಳು ಓದುತ್ತಾರೆ. ಗಾಡಿ ಒಂದನ್ನೂ ಮಾರದೆ ಕೊಂಡೆ, ಅಷ್ಟು ಸಾಕು. ಪತ್ರಕ್ಕೆ ನಾನೇ ಸಹಿ ಹಾಕಿದೆ. ನಾಲ್ಕನೇ ಕ್ಲಾಸಿನ ಅಕ್ಷರ, ಸ್ವಲ್ಪ ಸೊಟ್ಟ. ಸಾಕ್ಷಿ ಬೇಕು ಅಂದರು. ಭಾವ ಹಾಕಿದ.

ಹೊರಗೆ ಬಂದು ಭಾವ ಚಪ್ಪಲಿ ಮೆಟ್ಟಿಕೊಂಡ. ಆಮೇಲೆ, "ಆ ಬಣ್ಣ ನಾನು ಆರಿಸಿದ್ದು" ಅಂದ.

"ಹೌದು ಭಾವ. ನೀವೇ ಆರಿಸಿದ್ದು" ಅಂದೆ. ನಿಜವೇ ತಾನೇ.

ಸೈಟಿನಲ್ಲಿ ಈಗಲೂ ಕಪ್ಪೆಗಳಿವೆಯಂತೆ. ನಾನು ಕೇಳಲಿಲ್ಲ, ವಾರಗಿತ್ತಿ ಹೇಳಿದಳು.

ಇವರಿಲ್ಲ. ಆ ಕೊರತೆ ಎಷ್ಟು ಗಾಡಿ ಬಂದರೂ ತೀರುವಂಥದ್ದಲ್ಲ. ಮೂಲೆಯಲ್ಲಿ ಇವರ ಮೊದಲ ಗಾಡಿ ಇದೆ, ಈರುಳ್ಳಿಯದು. ಅದಕ್ಕೂ ಹಸಿರು ಬಳಿದಿದ್ದಾರೆ. ಅದನ್ನು ಯಾರಿಗೂ ಕೊಡುವುದಿಲ್ಲ. ಅದರ ಹಿಡಿಕೆ ನನ್ನ ಕೈಗೆ ಎತ್ತರ. ಒಮ್ಮೊಮ್ಮೆ ಹಿಡಿದು ನಿಲ್ಲುತ್ತೇನೆ.

ಬೆಳಗ್ಗೆ ಎದ್ದು ಮೊದಲು ಅಂಗಳಕ್ಕೆ ಹೋಗುತ್ತೇನೆ. ಬೀಗ ತೆಗೆದು ಸರಪಳಿ ಎಳೆಯುತ್ತೇನೆ. ಜರಜರ ಸದ್ದಿಗೆ ದರ್ಜಿಯ ಮನೆಯ ದೀಪ ಹತ್ತುತ್ತದೆ. ಆವತ್ತು ಸರಪಳಿ ನಿಂತ ಗಾಲಿ ಯಾವುದು ಎಂದು ನನಗೆ ಗೊತ್ತು. ಅಲ್ಲಿ ಬಂದಾಗ ಕೈ ಬಿಗಿ ಮಾಡಿ ಜೋರಾಗಿ ಎಳೆಯುತ್ತೇನೆ. ತುದಿ ಕೊನೆಯ ಗಾಲಿಯಿಂದ ಹೊರಗೆ ಬಿದ್ದ ಮೇಲೆಯೇ ಒಳಗೆ ಹೋಗಿ ಟೀಗೆ ನೀರಿಡುತ್ತೇನೆ.